ಒಳಗೇನಿದೆ ಎಂದು ಕೇಳಿ ಹಾಸಿಗೆ ಕೊಳ್ಳಿ

ನಾಲ್ಕು ವರ್ಷದ ಹಿಂದೆ ಮಗಳ ಕೋಣೆಗೆ ಅಂತ ಇಲ್ಲೇ ದಾವಣಗೆರೆಯ ಒಂದು ಅಂಗಡಿಯಿಂದ ಎಂಟಿಂಚಿನ ಹಾಸಿಗೆ ತಂದೆವು. ಯುಗಾದಿ ರಿಯಾಯಿತಿ ಇತ್ತು. ಮೇಲಿನ ಬಟ್ಟೆ ನುಣುಪಾಗಿತ್ತು, ಕೈಯಿಟ್ಟರೆ ಮೆತ್ತಗೆ ಇಳಿಯುತ್ತಿತ್ತು. ಅಷ್ಟನ್ನೇ ನೋಡಿ ದುಡ್ಡು ಕೊಟ್ಟೆವು. ಏಪ್ರಿಲ್ ಬಂದಾಗ ಮಗಳು ರಾತ್ರಿ ಹನ್ನೊಂದಕ್ಕೆ ಎದ್ದು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗತೊಡಗಿದಳು. ಬೆನ್ನೆಲ್ಲ ಬೆವರು ಅಂತಿದ್ದಳು. ಎರಡನೇ ವರ್ಷಕ್ಕೆ ನಡುವೆ ಗುಂಡಿ ಬಿತ್ತು. ಒಂದು ದಿನ ಬದಿಯ ಹೊಲಿಗೆ ಬಿಚ್ಚಿ ನೋಡಿದೆ. ಮೇಲೆ ಒಂದಿಂಚು ಒಳ್ಳೆಯ ಫೋಮ್. ಅದರ ಕೆಳಗೆ ನೀಲಿ, ಹಳದಿ, ಗುಲಾಬಿ ಬಣ್ಣದ ಚೂರುಗಳನ್ನು ಅಂಟಿಸಿದ ಪದರ. ಅಂಗಡಿಯವರು ಪೂರ್ತಿ ಒಂದೇ ಫೋಮ್ ಅಂದಿದ್ದರು. ನಾವೂ ಬಿಲ್ಲಿನಲ್ಲಿ ಬರೆಸಿಕೊಂಡಿರಲಿಲ್ಲ.

ಆಮೇಲೆ ಮನೆಯ ಒಂದೊಂದೇ ಹಾಸಿಗೆ ಬದಲಿಸುವಾಗ ಕೇಳಿ, ತೂಗಿ, ಬಿಚ್ಚಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಾವು ದಿನದ ಮೂರನೇ ಒಂದು ಪಾಲು ಹಾಸಿಗೆಯ ಮೇಲೆ ಕಳೆಯುತ್ತೇವೆ. ಸೀರೆ ಕೊಳ್ಳುವಾಗ ಸೆರಗು ಬಿಚ್ಚಿಸಿ, ಬೆಳಕಿಗೆ ಹಿಡಿದು ನೋಡುತ್ತೇವಲ್ಲ, ಹಾಸಿಗೆಗೂ ಅಷ್ಟೇ ಜೋಪಾನ ಬೇಕು.

ಮೊದಲು ಕೋಣೆ ನೋಡಿ, ಮಂಚ ಅಳೆಯಿರಿ

ಅಂಗಡಿಗೆ ಹೋಗುವ ಮುಂಚೆ ಒಂದು ರಾತ್ರಿ ಆ ಕೋಣೆಯಲ್ಲಿ ಹತ್ತು ನಿಮಿಷ ಕೂತು ನೋಡಿ. ನಮ್ಮದು ಬಯಲುಸೀಮೆ. ಬೇಸಿಗೆಯಲ್ಲಿ ದಾವಣಗೆರೆ, ಚಿತ್ರದುರ್ಗ, ಚಳ್ಳಕೆರೆ ಕಡೆ 38 ಡಿಗ್ರಿ ದಾಟುವ ದಿನಗಳಿರುತ್ತವೆ. ಹಗಲೆಲ್ಲ ಕಾದ ಆರ್‌ಸಿಸಿ ಮಾಳಿಗೆ ಮಧ್ಯರಾತ್ರಿವರೆಗೂ ಬಿಸಿ ಬಿಡುತ್ತದೆ. ಮೇಲಿನ ಮಹಡಿಯ ಕೋಣೆಗೂ ಕೆಳಗಿನ ಕೋಣೆಗೂ ಒಂದೇ ಹಾಸಿಗೆ ಹೊಂದುವುದಿಲ್ಲ. ಮೇಲಿನ ಕೋಣೆಗೆ ಗಾಳಿ ಆಡುವ ಹಾಸಿಗೆ ಬೇಕು: ಹತ್ತಿ, ನಾರು ಅಥವಾ ಸ್ಪ್ರಿಂಗ್. ಕೆಳಗೆ, ತಂಪಾದ ಕೋಣೆಯಲ್ಲಿ ಫೋಮ್ ಆದರೂ ನಡೆಯುತ್ತದೆ.

ಯಾರು ಮಲಗುತ್ತಾರೆ ಅನ್ನುವುದೂ ಲೆಕ್ಕಕ್ಕೆ ಬರಬೇಕು. ಮೊಣಕಾಲು ನೋವಿನವರಿಗೆ ತೀರಾ ತಗ್ಗಿನ ಹಾಸಿಗೆಯಿಂದ ಏಳುವುದು ಕಷ್ಟ. ಮಂಚ ಮತ್ತು ಹಾಸಿಗೆ ಸೇರಿ ಎತ್ತರ ಎಷ್ಟಾಗುತ್ತದೆ ನೋಡಿ. ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಡಿ ಸೊಂಟದ ಮಟ್ಟಕ್ಕಿರಬೇಕು.

ಈಗ ಟೇಪು ತಗೊಳ್ಳಿ. ಮಂಚದ ಹೊರ ಅಳತೆ ಬೇಡ, ಒಳ ಅಳತೆ ಬೇಕು. ನಮ್ಮ ಕಡೆ ಹಳೆಯ ಮಂಚಗಳನ್ನು ಬಡಗಿಯ ಹತ್ತಿರ ಮಾಡಿಸಿದ್ದು ಜಾಸ್ತಿ. ಅವು ಸರಿಯಾಗಿ ಆರಡಿ, ಅಂದರೆ 72 ಇಂಚು ಉದ್ದ ಇರುತ್ತವೆ. ರೆಡಿಮೇಡ್ ಹಾಸಿಗೆಗಳು 72, 75, 78 ಇಂಚು ಹೀಗೆ ಮೂರು ಉದ್ದದಲ್ಲಿ ಬರುತ್ತವೆ. ಅಗಲ 36, 48, 60, 72. ಹಾಸಿಗೆ ಎರಡಿಂಚು ಜಾಸ್ತಿಯಾದರೆ ಅಂಚು ಮಡಚಿಕೊಂಡು ಕೂರುತ್ತದೆ, ಅಲ್ಲಿಂದಲೇ ಹಾಳಾಗುತ್ತದೆ. ಕಡಿಮೆಯಾದರೆ ಸಂದಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಮಂಚದ ಹಲಗೆಯನ್ನೂ ನೋಡಿ. ಪಟ್ಟಿಗಳ ನಡುವೆ ಕೈ ತೂರುವಷ್ಟು ಜಾಗ ಇದ್ದರೆ ಮೇಲೊಂದು ಪ್ಲೈವುಡ್ ಹಾಕಿಸಿ. ಬಗ್ಗಿದ ಹಲಗೆಯ ಮೇಲೆ ಎಂಥ ಒಳ್ಳೆ ಹಾಸಿಗೆಯೂ ಬಗ್ಗುತ್ತದೆ.

ಎರಡನೆಯದು: ಒಳಗೇನು ತುಂಬಿದ್ದಾರೆ?

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ರೇಟು ಅಲ್ಲ. "ಅಣ್ಣಾ, ಇದರೊಳಗೆ ಏನು ತುಂಬೀರಿ? ತೋರಿಸ್ರಿ" ಅಂತ ಕೇಳಿ. ಒಳ್ಳೆಯ ಅಂಗಡಿಯವರ ಹತ್ತಿರ ಅಡ್ಡಡ್ಡ ಕೊಯ್ದ ತುಂಡು ಇಟ್ಟಿರುತ್ತಾರೆ. ಇಲ್ಲದಿದ್ದರೆ ಬದಿಯ ಜಿಪ್ ತೆಗೆದು ತೋರಿಸಲಿ. ತೋರಿಸಲು ಒಪ್ಪದ ಕಡೆ ನಾನು ಈಗ ಕೊಳ್ಳುವುದಿಲ್ಲ.

ಮೊದಲು ಹತ್ತಿ ಗಾದಿ. ದಾವಣಗೆರೆಯನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದರು. ಬಟ್ಟೆ ಗಿರಣಿಗಳು ಮುಚ್ಚಿದವು. ಆದರೆ ಹತ್ತಿ ಗುಣ ಬಲ್ಲ ಹಿರಿಯರು ಇನ್ನೂ ಓಣಿ ಓಣಿಯಲ್ಲಿ ಸಿಗುತ್ತಾರೆ. ಗಾದಿ ತುಂಬುವ ಕಸುಬನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದ ಪಿಂಜಾರರು, ಅಂದರೆ ನದಾಫರು, ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯಲ್ಲಿದ್ದಾರೆ. ಹಿಂದೆ ಬಿಲ್ಲಿನಂಥ ಸಾಧನ ಹಿಡಿದು ಮನೆ ಬಾಗಿಲಿಗೆ ಬಂದು ಟಂಯ್ ಟಂಯ್ ಅಂತ ಹತ್ತಿ ಹಿಂಜುತ್ತಿದ್ದರು. ಈಗ ಮಷಿನ್ ಇದೆ. ನಮ್ಮ ಬಿಸಿಲಿಗೆ ಹತ್ತಿಯಷ್ಟು ಹೊಂದುವುದು ನನಗೆ ಬೇರೆ ಕಂಡಿಲ್ಲ. ಬೆವರು ಹೀರುತ್ತದೆ, ಗಾಳಿಗೆ ಆರುತ್ತದೆ. ನಾಲ್ಕೈದು ವರ್ಷಕ್ಕೆ ಗಂಟುಗಟ್ಟಿದರೆ ಬಿಸಾಡುವ ಹಾಗಿಲ್ಲ. ಹಿಂಜಿಸಿ, ಒಂದೆರಡು ಕೆ.ಜಿ. ಹೊಸ ಹತ್ತಿ ಸೇರಿಸಿ, ಮತ್ತೆ ತುಂಬಿಸಬಹುದು. ಫೋಮಿಗೆ ಈ ಮರುಜನ್ಮ ಇಲ್ಲ.

ಹತ್ತಿ ನೋಡುವ ಬಗೆ ಹೀಗೆ. ಒಂದು ಚಿಟಿಕೆ ಹತ್ತಿ ತೆಗೆದು ಎರಡೂ ಕೈಯ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಉದ್ದ ಎಳೆಯ ಹತ್ತಿ ಸ್ವಲ್ಪ ತಡೆದು ಎಳೆ ಎಳೆಯಾಗಿ ಬಿಡುತ್ತದೆ. ಗಿರಣಿಯಲ್ಲಿ ಉಳಿದ ಕಸದ ಹತ್ತಿ ಪುಡಿಪುಡಿಯಾಗಿ ಕಿತ್ತು ಬರುತ್ತದೆ, ಕೈಯಲ್ಲಿ ಧೂಳು ಉಳಿಯುತ್ತದೆ. ಕಪ್ಪು ಚುಕ್ಕಿ ಇದ್ದರೆ ಬೀಜದ ಚೂರು. ಕೆಂಪು, ನೀಲಿ ಎಳೆ ಕಂಡರೆ ಹಳೆ ಬಟ್ಟೆ ಹರಿದು ಬೆರೆಸಿದ್ದಾರೆ ಅಂತ ತಿಳಿಯಿರಿ. ಧೂಳಿಗೆ ಸೀನುವವರು, ಉಬ್ಬಸ ಇರುವವರು ಇದ್ದ ಮನೆಗೆ ಕಸದ ಹತ್ತಿ ಖಂಡಿತ ಬೇಡ. ಮೂರಡಿ ಅಗಲ, ಆರಡಿ ಉದ್ದದ ಗಾದಿಗೆ 10ರಿಂದ 12 ಕೆ.ಜಿ. ಹತ್ತಿ ಹಿಡಿಯುತ್ತದೆ. ತೂಕ ಮಾಡಿಸಿ, ಎದುರಿಗೇ ತುಂಬಿಸಿ. ಹತ್ತಿರ ಕೂತು ನೋಡಿದರೆ ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ಹೇಳಿಕೊಡುತ್ತಾರೆ. ಚೀಲದ ಬಟ್ಟೆ ದಪ್ಪ ನೇಯ್ಗೆಯದಿರಲಿ. ತೆಳು ಬಟ್ಟೆಯಾದರೆ ಆರು ತಿಂಗಳಲ್ಲೇ ಹತ್ತಿ ಹೊರಗೆ ಇಣುಕುತ್ತದೆ. ಗೇಣಿಗೊಂದರಂತೆ ದಪ್ಪ ದಾರದ ಹೊಲಿಗೆ ಹಾಕಿಸಿದರೆ ಒಳಗೆ ಹತ್ತಿ ಜಾರುವುದಿಲ್ಲ.

ಬೂರುಗದ ಹತ್ತಿ ಬೇರೆ. ಅದು ಮರದ ಕಾಯಿಯೊಳಗಿನ ರೇಷ್ಮೆಯಂಥ ಅರಳೆ. ತುಂಬಾ ಹಗುರ, ನೀರು ಹೀರುವುದಿಲ್ಲ. ಅದಕ್ಕೇ ಹಿಂದೆ ನೀರಿನಲ್ಲಿ ತೇಲುವ ಲೈಫ್ ಜಾಕೆಟ್ಟುಗಳಿಗೂ ಅದನ್ನೇ ತುಂಬುತ್ತಿದ್ದರು. ದಿಂಬಿಗೆ ಇದು ಬಹಳ ಚೆನ್ನ. ಆದರೆ ಎಳೆ ಪೆಡಸು. ವರ್ಷಗಳಾದಂತೆ ಪುಡಿಯಾಗಿ ಚಪ್ಪಟೆಯಾಗುತ್ತದೆ. ಹತ್ತಿಯ ಹಾಗೆ ಹಿಂಜಿ ಸರಿಮಾಡಲು ಬರುವುದಿಲ್ಲ. ಭಾರದ ಮೈಯವರ ಗಾದಿಗೆ ಬೂರುಗ ಬೇಡ ಅಂತಲೇ ನನ್ನ ಮಾತು.

ತೆಂಗಿನ ನಾರಿನ ಹಾಸಿಗೆ ಗಟ್ಟಿ. ನಾರಿಗೆ ರಬ್ಬರ್ ಹಾಲು ಸಿಂಪಡಿಸಿ ಒತ್ತಿ ಮಾಡಿದ ಹಲಗೆ ಅದು. ಗಾಳಿ ಚೆನ್ನಾಗಿ ಆಡುತ್ತದೆ, ಬೆಲೆಯೂ ಕೈಗೆಟುಕುತ್ತದೆ. ಕಡಿಮೆ ಬೆಲೆಯದರಲ್ಲಿ ರಬ್ಬರ್ ಕಡಿಮೆ, ಹಾಗಾಗಿ ನಾರು ಉದುರುತ್ತದೆ. ಅಂಚನ್ನು ಹಿಡಿದು ಅಲ್ಲಾಡಿಸಿ, ಕಂದು ಪುಡಿ ಬಿದ್ದರೆ ಬಿಟ್ಟುಬಿಡಿ. ಮೂರು ತಿಂಗಳಿಗೊಮ್ಮೆ ತಲೆ ಕಡೆ ಕಾಲು, ಮೇಲೆ ಕೆಳಗೆ ಮಾಡದಿದ್ದರೆ ಸೊಂಟದ ಜಾಗದಲ್ಲಿ ಇಳಿಯುತ್ತದೆ.

ಇನ್ನು ಫೋಮ್. ಇಲ್ಲಿ ಒಂದು ಲೆಕ್ಕ ಕಲಿತರೆ ಸಾಕು. ಅಂಗಡಿಯವರು '32 ಡೆನ್ಸಿಟಿ', '40 ಡೆನ್ಸಿಟಿ' ಅಂತಾರಲ್ಲ, ಅದು ಒಂದು ಘನ ಮೀಟರ್ ಫೋಮಿನ ತೂಕ, ಕೆ.ಜಿ. ಲೆಕ್ಕದಲ್ಲಿ. ಹಾಗಾದರೆ ತೂಗಿದರೆ ಗೊತ್ತಾಗಬೇಕು, ಅಲ್ವಾ? ಗೊತ್ತಾಗುತ್ತದೆ. 72 ಇಂಚು ಉದ್ದ, 36 ಇಂಚು ಅಗಲ, 4 ಇಂಚು ದಪ್ಪದ ಫೋಮ್ 32 ಡೆನ್ಸಿಟಿಯದಾದರೆ ಸುಮಾರು ಐದೂವರೆ ಕೆ.ಜಿ. ಬರಬೇಕು. 78 ಉದ್ದ, 60 ಅಗಲ, 6 ಇಂಚು ದಪ್ಪದ್ದು 15 ಕೆ.ಜಿ. ಹತ್ತಿರ ಬರಬೇಕು. ಅದೇ ಅಳತೆಯದು 40 ಡೆನ್ಸಿಟಿಯಾದರೆ 18 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಹನ್ನೊಂದು ಕೆ.ಜಿ. ತೂಗುವುದನ್ನು 40 ಡೆನ್ಸಿಟಿ ಅಂತ ಕೊಟ್ಟರೆ ನಂಬಬೇಡಿ. ದಿನಾ ಮಲಗುವ ಹಾಸಿಗೆಗೆ 32ಕ್ಕಿಂತ ಕಡಿಮೆ ಬೇಡ.

ತೂಕ ಜಾಸ್ತಿ ಇದ್ದರೆಲ್ಲ ಒಳ್ಳೆಯದು ಅಂತಲೂ ಅಲ್ಲ. ನಮ್ಮ ಮನೆಗೆ ಬಂದಂಥ ಚೂರು ಫೋಮ್, ರೀಬಾಂಡೆಡ್ ಅಂತಾರೆ, ಇದಕ್ಕಿಂತ ಎರಡು ಮೂರು ಪಟ್ಟು ಭಾರ. ಗಟ್ಟಿ ಹಾಸಿಗೆ ಬೇಕು ಅನ್ನುವವರು ಅದನ್ನು ಗೊತ್ತಿದ್ದೇ ಕೊಂಡರೆ ತಪ್ಪೇನಿಲ್ಲ. ಆದರೆ ಅದು ಅದರ ಬೆಲೆಗೆ ಸಿಗಬೇಕು. ಹೆಸರು, ಪದರ, ಪ್ರತಿ ಪದರದ ದಪ್ಪ, ಡೆನ್ಸಿಟಿ ಎಲ್ಲ ಬಿಲ್ಲಿನಲ್ಲಿ ಬರೆಸಿ.

ಮೆಮೊರಿ ಫೋಮ್ ಮೈಯ ಆಕಾರಕ್ಕೆ ಒಗ್ಗುತ್ತದೆ, ಆದರೆ ಮೈಯ ಕಾವನ್ನೂ ಹಿಡಿದಿಡುತ್ತದೆ. ಎ.ಸಿ. ಇಲ್ಲದ ಮನೆಗೆ ನಮ್ಮ ಊರಲ್ಲಿ ಇದು ಸರಿಬರುವುದಿಲ್ಲ. ಲ್ಯಾಟೆಕ್ಸ್, ಅಂದರೆ ರಬ್ಬರ್ ಹಾಲಿನ ಫೋಮ್, ಚೆನ್ನ, ಬಾಳಿಕೆ ಇದೆ, ಬೆಲೆ ಜಾಸ್ತಿ, ಹೊರಲು ಭಾರ. ಸ್ಪ್ರಿಂಗ್‌ನಲ್ಲಿ ಗಾಳಿ ಆಡುತ್ತದೆ. ಒಂದೊಂದು ಸ್ಪ್ರಿಂಗೂ ಬೇರೆ ಬೇರೆ ಚೀಲದಲ್ಲಿರುವ ಪಾಕೆಟ್ ಸ್ಪ್ರಿಂಗ್ ಆದರೆ ಪಕ್ಕದವರು ಹೊರಳಿದರೆ ನಿಮಗೆ ಎಚ್ಚರ ಆಗುವುದಿಲ್ಲ.

ಗಟ್ಟಿಯೋ ಮೆತ್ತಗೋ? ಬೆನ್ನುನೋವಿದ್ದವರಿಗೆ ಹಲಗೆಯ ಮೇಲೆ ಮಲಗಿ ಅಂತ ಹೇಳುವ ರೂಢಿ ನಮ್ಮಲ್ಲಿದೆ. ನಮ್ಮಮ್ಮನೂ ವರ್ಷಗಟ್ಟಲೆ ಹಾಗೇ ಮಲಗಿದಳು, ಬೆಳಿಗ್ಗೆ ಎದ್ದರೆ ಭುಜ, ಸೊಂಟ ಹಿಡಿದಿರುತ್ತಿತ್ತು. 2003ರಲ್ಲಿ ಸ್ಪೇನಿನ ವೈದ್ಯರು ಬಹಳ ದಿನದಿಂದ ಬೆನ್ನುನೋವಿದ್ದ 313 ಜನರನ್ನು ಎರಡು ಗುಂಪು ಮಾಡಿ 90 ದಿನ ನೋಡಿದರು. ತೀರಾ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೆ ನೋವು ಚೆನ್ನಾಗಿ ಇಳಿಯಿತು. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅಮ್ಮನಿಗೆ ಈಗ ನಾರಿನ ಹಾಸಿಗೆಯ ಮೇಲೆ ಎರಡಿಂಚಿನ ಹತ್ತಿ ಗಾದಿ. ಚೆನ್ನಾಗಿ ನಿದ್ದೆ ಮಾಡುತ್ತಾಳೆ.

ಅಂಗಡಿಯಲ್ಲಿ ಅಂಗೈಯಿಂದ ಒತ್ತಿ ನೋಡಿದರೆ ಏನೂ ತಿಳಿಯುವುದಿಲ್ಲ. ಚಪ್ಪಲಿ ಬಿಟ್ಟು ಮಲಗಿ. ನಾಚಿಕೆ ಬೇಡ. ನೀವು ಮನೆಯಲ್ಲಿ ಯಾವ ಮಗ್ಗುಲಿಗೆ ಮಲಗುತ್ತೀರೋ ಅದೇ ಮಗ್ಗುಲಿಗೆ, ಕಡಿಮೆ ಅಂದರೂ ಹತ್ತು ನಿಮಿಷ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಕೈ ತೂರಿಸಿ. ಕೈ ಸಲೀಸಾಗಿ ಈ ಕಡೆಯಿಂದ ಆ ಕಡೆ ಹೋದರೆ ಹಾಸಿಗೆ ಗಟ್ಟಿ ಜಾಸ್ತಿ. ಕೈ ತೂರಲೇ ಇಲ್ಲ, ಹೊರಳಲೂ ಕಷ್ಟ ಅಂದರೆ ಮೆತ್ತಗೆ ಜಾಸ್ತಿ. ಗಂಡ ಹೆಂಡತಿ ಇಬ್ಬರೂ ಮಲಗುವ ಹಾಸಿಗೆಗೆ ಇಬ್ಬರೂ ಹೋಗಿ ನೋಡಬೇಕು.

ಮೂರನೆಯದು: ದಿಂಬು

ದಿಂಬಿನ ಕೆಲಸ ಒಂದೇ. ಕುತ್ತಿಗೆ ಬೆನ್ನಿನ ಗೆರೆಗೆ ನೇರವಾಗಿ ಇರುವಂತೆ ನೋಡಿಕೊಳ್ಳುವುದು. ಮಗ್ಗುಲಾಗಿ ಮಲಗುವವರಿಗೆ ಭುಜದ ತುದಿಯಿಂದ ಕಿವಿಯವರೆಗಿನ ಜಾಗ ತುಂಬುವಷ್ಟು ಎತ್ತರ ಬೇಕು. ಅಂಗಾತ ಮಲಗುವವರಿಗೆ ಅದರ ಅರ್ಧದ ಹತ್ತಿರ. ಬೋರಲು ಮಲಗುವವರಿಗೆ ತೀರಾ ತೆಳುವಾದದ್ದು. ಎರಡು ದಿಂಬು ಒಂದರ ಮೇಲೊಂದು ಇಟ್ಟು ಮಲಗುವ ಅಭ್ಯಾಸ ಇದ್ದವರ ಕುತ್ತಿಗೆ ಬೆಳಿಗ್ಗೆ ಹಿಡಿಯುವುದು ಸಹಜ.

ಪಾಲಿಯೆಸ್ಟರ್ ನಾರು ತುಂಬಿದ ದಿಂಬು ಅಗ್ಗ. ಒಗೆಯಬಹುದು, ಆದರೆ ಬೇಗ ಚಪ್ಪಟೆ. ಒಂದು ಸಣ್ಣ ಪರೀಕ್ಷೆ ಇದೆ. ಹಳೆ ದಿಂಬನ್ನು ನಡುವೆ ಮಡಚಿ ಬಿಡಿ. ತಾನಾಗೇ ಬಿಚ್ಚಿಕೊಳ್ಳದೆ ಹಾಗೇ ಬಿದ್ದಿದ್ದರೆ ಅದರ ಆಯಸ್ಸು ಮುಗಿದಿದೆ. ಹತ್ತಿ, ಬೂರುಗದ ದಿಂಬಿಗೆ ಎರಡು ಗವಸು ಹಾಕಿ. ಒಳಗಿನದು ಜಿಪ್ ಇರುವುದು, ಹೊರಗಿನದು ವಾರಕ್ಕೊಮ್ಮೆ ಒಗೆಯುವುದು. ತಲೆಯ ಎಣ್ಣೆ ಒಳಗಿನ ಅರಳೆಗೆ ಇಳಿಯುವುದಿಲ್ಲ.

ನಾಲ್ಕನೆಯದು: ಮೇಲೆ ಹಾಸುವ ಚಾದರ

ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆ ಸುತ್ತಿದರೆ, ಚಿತ್ರದುರ್ಗದಲ್ಲಿ ಲಕ್ಷ್ಮಿ ಬಜಾರ್, ಸಂತೆಪೇಟೆ ಕಡೆ ಹೋದರೆ ಬೆಡ್‌ಶೀಟಿಗೆ ಬರವಿಲ್ಲ. ತಮಿಳುನಾಡಿನ ಕರೂರಿನದು, ಸೊಲ್ಲಾಪುರದ್ದು ಎಲ್ಲ ಸಿಗುತ್ತವೆ. ಸೊಲ್ಲಾಪುರ ಚಾದರ ದಪ್ಪ, ಬಾಳಿಕೆಯದು. ಹೊದೆಯಲು ಚೆನ್ನ, ಬೇಸಿಗೆಯಲ್ಲಿ ಹಾಸಲು ಒರಟು. ಹಾಸಲು ನುಣುಪಾದ ಶುದ್ಧ ಹತ್ತಿಯದು ತಗೊಳ್ಳಿ.

ಥ್ರೆಡ್ ಕೌಂಟ್ ಅಂತ ಒಂದು ನಂಬರು ತೋರಿಸುತ್ತಾರೆ. ಒಂದು ಚದರ ಇಂಚು ಬಟ್ಟೆಯಲ್ಲಿ ಉದ್ದಕ್ಕೆ ಹೋಗುವ ಹಾಸಿನ ಎಳೆ ಎಷ್ಟು, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಎಷ್ಟು, ಎರಡನ್ನೂ ಕೂಡಿಸಿದ ಲೆಕ್ಕ ಅದು. ಹಾಸು ನೂರು, ಹೊಕ್ಕು ನೂರು ಇದ್ದರೆ 200. ನಮ್ಮ ಸೆಕೆಗೆ 200ರಿಂದ 300 ಧಾರಾಳ ಸಾಕು. 800, 1000 ಅಂತ ಬರೆದಿದ್ದರೆ ಬೆರಗಾಗಬೇಡಿ. ಎರಡು ಮೂರು ತೆಳು ಎಳೆ ಹುರಿ ಮಾಡಿ ಒಂದೇ ಎಳೆಯಾಗಿ ನೇಯ್ದು, ಲೆಕ್ಕ ಮಾತ್ರ ಬಿಡಿಬಿಡಿಯಾಗಿ ಹಾಕಿ ಆ ನಂಬರು ತರುತ್ತಾರೆ. ಬಟ್ಟೆ ದಪ್ಪವಾಗಿ ಗಾಳಿ ಆಡುವುದು ಕಡಿಮೆಯಾಗುತ್ತದೆ ಅಷ್ಟೇ. ಎಳೆ ಒಂದರ ಮೇಲೆ, ಮುಂದಿನದರ ಕೆಳಗೆ ಹೋಗುವ ಸಾದಾ ನೇಯ್ಗೆ ತಣ್ಣಗಿರುತ್ತದೆ. ಹೊಳಪಿನ ಸ್ಯಾಟೀನ್ ನೇಯ್ಗೆ ನುಣುಪು, ಸ್ವಲ್ಪ ಬೆಚ್ಚಗೆ.

ನಮ್ಮ ಬೀದಿಯಲ್ಲಿ ಗಿರಣಿಯಲ್ಲಿ ದುಡಿದ ಹಿರಿಯರೊಬ್ಬರಿದ್ದಾರೆ. ಅಜ್ಜಾರು ಬಟ್ಟೆ ನೋಡುವ ಬಗೆಯನ್ನೇ ನಾನೂ ಕಲಿತೆ. ಚಾದರ ಬಿಚ್ಚಿ ಬೆಳಕಿಗೆ ಹಿಡಿಯಬೇಕು. ನೇಯ್ಗೆ ಎಲ್ಲ ಕಡೆ ಒಂದೇ ಸಮ ಕಾಣಬೇಕು. ಅಲ್ಲಲ್ಲಿ ತೆಳು, ಅಲ್ಲಲ್ಲಿ ಗಟ್ಟಿ ಗೆರೆ ಕಂಡರೆ ನೂಲು ಸರಿಯಿಲ್ಲ. ಆಮೇಲೆ ಒಂದು ಮೂಲೆಯನ್ನು ಎರಡೂ ಕೈಯಲ್ಲಿ ಉಜ್ಜಬೇಕು. ಬಿಳಿ ಪುಡಿ ಉದುರಿದರೆ ಗಂಜಿ ತುಂಬಿ ದಪ್ಪ ಮಾಡಿದ್ದಾರೆ, ಮೊದಲ ಒಗೆತಕ್ಕೇ ಜಾಳಾಗುತ್ತದೆ. ಗಾಢ ಬಣ್ಣದ್ದಾದರೆ ಬಿಳಿ ಕರವಸ್ತ್ರ ಒದ್ದೆ ಮಾಡಿ ಉಜ್ಜಿ ನೋಡಿ, ಬಣ್ಣ ಹತ್ತಬಾರದು.

ಹತ್ತಿಯೋ ಪಾಲಿಯೆಸ್ಟರೋ ಅಂತ ಅನುಮಾನ ಬಂದರೆ ಅಂಚಿನ ಎರಡು ಎಳೆ ಕಿತ್ತು ಮನೆಯಲ್ಲಿ ನೀರಿನ ಬಟ್ಟಲಿನ ಮೇಲೆ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಕರಿ ಮಣಿಯಾಗುತ್ತದೆ. 'ಗ್ಲೇಸ್ ಕಾಟನ್' ಅಂತ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಚಾದರಗಳನ್ನು ಸುಟ್ಟರೆ ಮಣಿಯೇ ಸಿಗುತ್ತದೆ. ಹೆಸರಿನಲ್ಲಿ ಕಾಟನ್ ಇದ್ದರೆ ಸಾಲದು, ಚೀಟಿಯಲ್ಲಿ 'ಶೇಕಡಾ 100 ಹತ್ತಿ' ಅಂತ ಇರಬೇಕು. ಖಾದಿ ಭಂಡಾರಕ್ಕೂ ಒಮ್ಮೆ ಹೋಗಿ ಬನ್ನಿ. ಗಾಂಧಿ ಜಯಂತಿ ಹೊತ್ತಿಗೆ ರಿಯಾಯಿತಿ ಇರುತ್ತದೆ, ಖಾದಿ ಚಾದರ ಒಗೆದಷ್ಟೂ ಮೆತ್ತಗಾಗುತ್ತದೆ.

ಅಳತೆಯ ಲೆಕ್ಕ: 60 ಇಂಚು ಅಗಲ, 6 ಇಂಚು ದಪ್ಪದ ಹಾಸಿಗೆಗೆ ಎರಡೂ ಬದಿಯ ದಪ್ಪ ಸೇರಿ 72. ಒಳಗೆ ಮಡಚಲು ಎರಡೂ ಕಡೆ ಒಂಬತ್ತೊಂಬತ್ತು. ಹಾಗಾಗಿ 90 ಅಗಲ, 100 ಉದ್ದದ ಚಾದರ ಸರಿಹೋಗುತ್ತದೆ. 72 ಅಗಲದ ಹಾಸಿಗೆಗೆ 108ರದ್ದು ಬೇಕು. ಹತ್ತಿ ಮೊದಲ ಒಗೆತಕ್ಕೆ ಸ್ವಲ್ಪ ಕುಗ್ಗುತ್ತದೆ, ಒಂದೆರಡಿಂಚು ಜಾಸ್ತಿಯೇ ಇರಲಿ. ಒಂದು ಹಾಸಿಗೆಗೆ ಮೂರು ಚಾದರ ಇದ್ದರೆ ಅನುಕೂಲ. ನಲ್ಲಿ ನೀರು ತಡವಾದ ವಾರಗಳಲ್ಲಿ ಇದರ ಬೆಲೆ ತಿಳಿಯುತ್ತದೆ.

ಐದನೆಯದು: ಹೊದಿಕೆ

ಇಲ್ಲಿ ನನಗೆ ನಮ್ಮ ನೆಲದ ಎರಡು ವಸ್ತುಗಳ ಬಗ್ಗೆ ಹೇಳಲೇಬೇಕು.

ಒಂದು ಚಳ್ಳಕೆರೆಯ ಕಂಬಳಿ. ಡೆಕ್ಕನಿ ಕುರಿಯ ಉಣ್ಣೆ ಕತ್ತರಿಸಿ, ನೂತು, ಮಗ್ಗದಲ್ಲಿ ನೇಯ್ದು ಮಾಡುವುದು. ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಹಾಗಾಗಿ ಹೊಸ ಕಂಬಳಿ ಹಲಗೆಯಂತೆ ಸೆಟೆದಿರುತ್ತದೆ, ಬಳಸುತ್ತ ಬಳಸುತ್ತ ಮೆತ್ತಗಾಗುತ್ತದೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನ ಹತ್ತಿರ ತೇವ ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ಕುರಿ ಕಾಯುವವರು ಮಳೆಗೂ ಚಳಿಗೂ ಒಂದೇ ಕಂಬಳಿ ಹೊದ್ದು ಬಯಲಲ್ಲಿ ಮಲಗುವುದು ಸುಮ್ನೆ ಅಲ್ಲ. ಒರಟು ಅಂತ ನೇರ ಮೈಗೆ ಹೊದೆಯಲು ಕಷ್ಟ ಆಗುತ್ತದೆ. ಕೆಳಗೆ ತೆಳು ಹತ್ತಿ ಚಾದರ, ಮೇಲೆ ಕಂಬಳಿ ಹೊದ್ದು ನೋಡಿ. ಇಲ್ಲವಾದರೆ ಗಾದಿಯ ಕೆಳಗೆ ಹಾಸಿ. ನೆಲದ ಥಂಡಿ ಮೇಲೇರುವುದಿಲ್ಲ.

ಕೊಳ್ಳುವಾಗ ಎಳೆ ಸುಟ್ಟು ನೋಡುವ ಪರೀಕ್ಷೆ ಇಲ್ಲಿಯೂ ನಡೆಯುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಅನ್ನುವ ಕೃತಕ ನೂಲು ಕರಗುತ್ತದೆ. ಪಾಣಿಪತ್ ಕಡೆಯಿಂದ ಬರುವ ಅಗ್ಗದ ಕಂಬಳಿಗಳಲ್ಲಿ ಹಳೆ ಬಟ್ಟೆಯಿಂದ ಮತ್ತೆ ತೆಗೆದ ನೂಲು ಇರುತ್ತದೆ. ಬೆಚ್ಚಗಿರುತ್ತವೆ, ಆದರೆ ನೂಲು ಗಿಡ್ಡ, ಬೇಗ ಉದುರುತ್ತದೆ. ಕೈಮಗ್ಗದ ಕಂಬಳಿಗೆ ಹೆಚ್ಚು ಚೌಕಾಸಿ ಮಾಡಬೇಡಿ. ನೂಲುವುದು, ನೇಯುವುದು ಎಷ್ಟು ದಿನದ ಕೆಲಸ ಅಂತ ಒಮ್ಮೆ ಹೋಗಿ ನೋಡಿದರೆ ಚೌಕಾಸಿಗೆ ಬಾಯಿ ಬರುವುದಿಲ್ಲ.

ಎರಡನೆಯದು ಕೌದಿ. ಹಳೆ ಸೀರೆ, ಪಂಚೆಗಳನ್ನು ಪದರ ಪದರ ಸೇರಿಸಿ ಕೈಹೊಲಿಗೆ ಹಾಕಿದ್ದು. ಎಷ್ಟೋ ಸಲ ಒಗೆದ ಬಟ್ಟೆಯಾದ್ದರಿಂದ ಅಷ್ಟು ಮೆತ್ತಗೆ ಯಾವ ಹೊಸ ಕ್ವಿಲ್ಟೂ ಇರುವುದಿಲ್ಲ. ಹೊಲಿಸಲು ಕೊಡುವುದಾದರೆ ಹತ್ತಿ ಸೀರೆಗಳನ್ನೇ ಕೊಡಿ, ಸಿಂಥೆಟಿಕ್ ಸೀರೆ ಬೆರೆಸಿದರೆ ಮೈ ಬೆವರುತ್ತದೆ. ಹೊಲಿಗೆ ಬೆರಳಗಲಕ್ಕಿಂತ ದೂರ ಬೇಡ.

ಉಬ್ಬಿದ ಕಂಫರ್ಟರ್ ನೋಡಲು ಚಂದ. ಇಲ್ಲಿ ಚಳಿ ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಹೊತ್ತು ಮಾತ್ರ. ವರ್ಷಕ್ಕೆ ಎರಡು ತಿಂಗಳ ಬಳಕೆಗೆ, ಬಕೆಟ್ಟಿನಲ್ಲಿ ಮುಳುಗದ ಅದನ್ನು ಒಗೆಯುವ ಕಷ್ಟಕ್ಕೆ, ನಾನು ದುಡ್ಡು ಹಾಕುವುದಿಲ್ಲ. ಆ ದುಡ್ಡು ಹಾಸಿಗೆಗೆ ಹಾಕಿ. ಹರಿಹರ, ಮಲೇಬೆನ್ನೂರು, ಭದ್ರಾ ನಾಲೆಯ ಗದ್ದೆ ಬಯಲಿನವರು ಒಳ್ಳೆಯ ಸೊಳ್ಳೆಪರದೆಗೂ ಒಂದಿಷ್ಟು ಎತ್ತಿಡಿ.

ಮಕ್ಕಳು, ಹಾಸಿಗೆ ಹಿಡಿದವರು

ಒಂದು ವರ್ಷದೊಳಗಿನ ಕೂಸಿಗೆ ದಿಂಬು ಬೇಡ, ಮೆತ್ತನೆ ಹಾಸಿಗೆ ಬೇಡ, ದಪ್ಪ ಹೊದಿಕೆ ಬೇಡ. ಸಮತಟ್ಟಾದ ಗಟ್ಟಿ ಹಾಸಿನ ಮೇಲೆ ಅಂಗಾತ ಮಲಗಿಸಬೇಕು. ಮೂಗು ಬಾಯಿ ಹೂತುಹೋದರೆ ತಿರುಗಿಸಿಕೊಳ್ಳುವ ಶಕ್ತಿ ಕೂಸಿಗಿಲ್ಲ. ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಕೊಡುವ ರೂಢಿ ಇದೆ. ಅಜ್ಜಿಯಂದಿರು ಪ್ರೀತಿಯಿಂದಲೇ ಹೊಲಿದಿರುತ್ತಾರೆ. ಆದರೂ ಕೂಸನ್ನು ಮಲಗಿಸುವಾಗ ಅದನ್ನು ತೆಗೆದಿಡಿ.

ಎದ್ದು ಓಡಾಡಲಾಗದವರಿಗೆ ಮಾಮೂಲಿ ಹಾಸಿಗೆ ಸಾಲದು. ಗಾಳಿ ತುಂಬುವ ಏರ್‌ಬೆಡ್ ಔಷಧಿ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಅದಿದ್ದರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲೇಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ.

ಮನೆಗೆ ತಂದ ಮೇಲೆ

ಫೋಮ್, ಲ್ಯಾಟೆಕ್ಸ್ ಹಾಸಿಗೆಯ ಪ್ಲಾಸ್ಟಿಕ್ ಬಿಚ್ಚಿ ಒಂದೆರಡು ದಿನ ಗಾಳಿಗೆ ಬಿಡಿ, ಹೊಸ ವಾಸನೆ ಹೋಗಲಿ. ಪ್ಲಾಸ್ಟಿಕ್ ಸಮೇತ ಮಲಗುವವರನ್ನು ನೋಡಿದ್ದೇನೆ. ಧೂಳು ಬೀಳದಿರಲಿ ಅಂತ ಹಾಗೆ ಮಾಡುತ್ತಾರೆ, ಆದರೆ ಒಳಗೆ ಬೆವರು ನಿಂತು ಬೂಷ್ಟು ಹಿಡಿಯುತ್ತದೆ. ಅದರ ಬದಲು ಹತ್ತಿಯ ಹಾಸಿಗೆ ಕವರ್ ಹಾಕಿ. ಬಿಲ್ಲು, ವಾರಂಟಿ ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಗುಂಡಿ ಎಷ್ಟು ಆಳ ಬಿದ್ದರೆ ವಾರಂಟಿ ಸಿಗುತ್ತದೆ ಅನ್ನುವ ಸಾಲನ್ನು ಕೊಳ್ಳುವ ದಿನವೇ ಓದಿ.

ಬಿಸಿಲಿನ ವಿಷಯದಲ್ಲಿ ಎಚ್ಚರ ಇರಲಿ. ಹತ್ತಿ ಗಾದಿ, ದಿಂಬು, ಕಂಬಳಿಗೆ ಬಿಸಿಲು ಒಳ್ಳೆಯದು. ತಿಂಗಳಿಗೊಮ್ಮೆ ಮಾಳಿಗೆಗೆ ಹಾಕಿ, ಮಧ್ಯಾಹ್ನ ಮಗುಚಿ ಹಾಕಿ. ಫೋಮ್, ಲ್ಯಾಟೆಕ್ಸ್ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತವೆ. ಅವನ್ನು ನೆರಳಲ್ಲಿ ಗೋಡೆಗೆ ಒರಗಿಸಿ ಗಾಳಿಗೆ ಬಿಡಿ. ಆಷಾಢದ ಗಾಳಿಯಲ್ಲಿ, ಅದರಲ್ಲೂ ದುರ್ಗದ ಕಡೆ, ಮಾಳಿಗೆ ಮೇಲೆ ಚಾದರ ಒಣಹಾಕಿದರೆ ಕೆಂಧೂಳು ಹೊತ್ತು ತರುತ್ತದೆ. ಆ ತಿಂಗಳು ಒಳಗೇ ಒಣಗಿಸಿ.

ನಮ್ಮ ಬೋರ್‌ವೆಲ್ ನೀರು ಗಡುಸು. ಬಾರ್ ಸೋಪು ಆ ನೀರಿನ ಸುಣ್ಣದ ಜತೆ ಸೇರಿ ಬಟ್ಟೆಯಲ್ಲಿ ಬಿಳಿ ಜಿಡ್ಡಾಗಿ ಕೂರುತ್ತದೆ. ಚಾದರ ಬಿರುಸಾಗಿ ಬಣ್ಣ ಮಂಕಾಗುವುದು ಇದರಿಂದಲೇ. ಚಾದರಕ್ಕೆ ಡಿಟರ್ಜೆಂಟ್ ಪುಡಿ ಬಳಸಿ, ಒಂದು ನೀರು ಜಾಸ್ತಿ ಜಾಲಿಸಿ. ಧೂಳಿಗೆ ಸೀನುವವರ ಚಾದರ, ಗವಸುಗಳನ್ನು ಕೈ ಇಡಲಾಗದಷ್ಟು ಬಿಸಿ ನೀರಿನಲ್ಲಿ ಒಗೆಯಿರಿ. 60 ಡಿಗ್ರಿ ಮುಟ್ಟಿದರೆ ಕಣ್ಣಿಗೆ ಕಾಣದ ಧೂಳಿನ ಹುಳ ಸಾಯುತ್ತವೆ. ಕಂಬಳಿಗೆ ಮಾತ್ರ ಬಿಸಿ ನೀರು, ವಾಷಿಂಗ್ ಮಷಿನ್ ಎರಡೂ ಬೇಡ. ಉಣ್ಣೆ ಗಟ್ಟಿಗೊಂಡು ಕುಗ್ಗುತ್ತದೆ.

ತಿಗಣೆ ಬಂದರೆ ಹೊಲಿಗೆಯ ಸಂದಿ, ಮಂಚದ ಕೀಲುಗಳಲ್ಲಿ ಕಪ್ಪು ಚುಕ್ಕಿ ಕಾಣುತ್ತವೆ. ಹಾಸ್ಟೆಲಿನಿಂದ, ದೂರದ ಪ್ರಯಾಣದಿಂದ ಬಂದ ಹಾಸಿಗೆ ಸುರುಳಿಯನ್ನು ನೇರ ಮಂಚದ ಮೇಲೆ ಇಡಬೇಡಿ. ಬರೀ ಬಿಸಿಲಿಗೆ ಹಾಕಿದರೆ ಪೂರ್ತಿ ಹೋಗುವುದಿಲ್ಲ, ಗಾದಿಯ ಒಳಗಿನ ಹತ್ತಿ ಅಷ್ಟು ಕಾಯುವುದಿಲ್ಲ. ಬಟ್ಟೆಗಳನ್ನು ಕುದಿಯುವ ನೀರಿಗೆ ಹಾಕಿ, ಮಂಚದ ಸಂದಿಗೂ ಕುದಿ ನೀರು ಹುಯ್ಯಿರಿ. ಬಳಸಿದ ಹಳೆ ಗಾದಿ ಎಷ್ಟು ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.

ಕಂಬಳಿ, ರಗ್ಗುಗಳನ್ನು ಎತ್ತಿಡುವಾಗ ನುಸಿ ಗುಳಿಗೆ ಹಾಕುವ ಬದಲು ಒಣಗಿದ ಬೇವಿನ ಎಲೆಯನ್ನು ಬಟ್ಟೆಯಲ್ಲಿ ಕಟ್ಟಿ ಇಡಿ. ಗುಳಿಗೆ ಹಾಕಿದ್ದೇ ಆದರೆ ಎಳೆಗೂಸಿಗೆ ಆ ಹೊದಿಕೆ ಹೊದಿಸಬೇಡಿ. ರಕ್ತಕಣವನ್ನು ಕಾಪಾಡುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಹಸುಗೂಸುಗಳಲ್ಲಿ ಗುಳಿಗೆಯ ನ್ಯಾಫ್ತಲಿನ್ ವಾಸನೆಯಿಂದಲೇ ರಕ್ತಕಣ ಒಡೆದು ಕಾಮಾಲೆ ಬರುವುದುಂಟು. ಕೂಸಿಗೆ ಆ ಕೊರತೆ ಇದೆಯೋ ಇಲ್ಲವೋ ಅಂತ ಮನೆಯವರಿಗೆ ಮೊದಲೇ ತಿಳಿದಿರುವುದಿಲ್ಲ.

ಹತ್ತಿ ಗಾದಿ ಹಿಂಜಿಸುವುದಿದ್ದರೆ ಮುಂಗಾರಿಗೆ ಮುಂಚೆ, ಮಾರ್ಚ್, ಏಪ್ರಿಲ್‌ನಲ್ಲೇ ಮುಗಿಸಿ. ಹಿಂದಿನ ದಿನ ಇಡೀ ಗಾದಿಯನ್ನು ಬಿಸಿಲಿಗೆ ಹಾಕಿಡಿ, ತೇವ ಆರಿದ ಹತ್ತಿ ಚೆನ್ನಾಗಿ ಅರಳುತ್ತದೆ. ಚೀಲದ ಬಟ್ಟೆ ಗಟ್ಟಿಯಿದ್ದರೆ ಹೊಸದು ಬೇಕಿಲ್ಲ. ಹತ್ತಿ ಮಷಿನ್ನಿಗೆ ಹೋದ ಹೊತ್ತಿನಲ್ಲಿ ಅದನ್ನು ತಿರುವಿ ಒಗೆದು ಹಾಕಿದರೆ ಅವರು ತುಂಬಲು ಬರುವಷ್ಟರಲ್ಲಿ ಒಣಗಿರುತ್ತದೆ.